ಸ್ಪಷ್ಟನೆ: ಅಬುಧಾಬಿಯಲ್ಲಿ ಯಾವ 'ಬೆರಕೆ ಧರ್ಮ'ವೂ ಹುಟ್ಟಿಲ್ಲ

ಇಸ್ಲಾಂ, ಕ್ರೈಸ್ತ, ಯಹೂದಿ ಧರ್ಮಗಳನ್ನು ಬೆರೆಸಿ ಅಬುಧಾಬಿಯಲ್ಲಿ ಹೊಸ ಧರ್ಮ ಕಟ್ಟಿದ್ದಾರೆ, ಮೂರೂ ಧರ್ಮದವರು ಒಂದೇ ಸಭಾಂಗಣದಲ್ಲಿ ಪ್ರಾರ್ಥಿಸುತ್ತಾರೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು.

ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ 2023ರಲ್ಲಿ ತೆರೆದ ಅಬ್ರಹಾಮಿಕ್ ಫ್ಯಾಮಿಲಿ ಹೌಸ್‌ನಲ್ಲಿ ಇರುವುದು ಮೂರು ಪ್ರತ್ಯೇಕ ಕಟ್ಟಡಗಳು: ಮಸೀದಿ, ಚರ್ಚ್, ಸಿನಗಾಗ್ (ಯಹೂದಿ ಪ್ರಾರ್ಥನಾಲಯ). ಉದ್ದ, ಅಗಲ, ಎತ್ತರ ಎಲ್ಲವೂ 30 ಮೀಟರ್. ಒಂದು ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಮುಖ ಮಾಡಿರುವ ದಿಕ್ಕು ಬೇರೆ ಬೇರೆ. ಮಸೀದಿ ಮೆಕ್ಕಾದ ಕಡೆಗೆ, ಚರ್ಚಿನ ಬಲಿಪೀಠ ಪೂರ್ವಕ್ಕೆ, ಸಿನಗಾಗ್ ಜೆರುಸಲೇಮಿನತ್ತ. ಬೆರೆಸುವ ಉದ್ದೇಶವಿದ್ದಿದ್ದರೆ ಇಷ್ಟು ಜತನದಿಂದ ದಿಕ್ಕು ಹೊಂದಿಸುವ ಅಗತ್ಯವೇ ಇರಲಿಲ್ಲ.

ಗೊಂದಲದ ಮೂಲ ಬಹುಶಃ 2019ರ ಫೆಬ್ರುವರಿ 4ರಂದು ಪೋಪ್ ಫ್ರಾನ್ಸಿಸ್ ಮತ್ತು ಕೈರೋದ ಇಸ್ಲಾಮಿಕ್ ವಿದ್ಯಾಕೇಂದ್ರ ಅಲ್ ಅಜ್‌ಹರ್‌ನ ಗ್ರ್ಯಾಂಡ್ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅಬುಧಾಬಿಯಲ್ಲೇ ಸಹಿ ಹಾಕಿದ ಮಾನವ ಭ್ರಾತೃತ್ವದ ದಾಖಲೆ. ಧರ್ಮಗಳ ವೈವಿಧ್ಯ ದೇವರ ಇಚ್ಛೆಯೇ ಎನ್ನುವ ಅದರ ಸಾಲು ಕ್ಯಾಥೊಲಿಕರ ನಡುವೆ ಚರ್ಚೆ ಎಬ್ಬಿಸಿದ್ದು ನಿಜ. ಆದರೆ ವೈವಿಧ್ಯವನ್ನು ಒಪ್ಪುವುದೆಂದರೆ ಅದನ್ನು ಅಳಿಸುವುದಲ್ಲ. ದೇವರ ಹೆಸರಿನಲ್ಲಿ ಕೊಲೆ, ಭಯೋತ್ಪಾದನೆ ಸಲ್ಲದು, ಎಲ್ಲರ ಪ್ರಾರ್ಥನಾಲಯಗಳಿಗೂ ರಕ್ಷಣೆ ಬೇಕು, ಎಲ್ಲರಿಗೂ ಪೂರ್ಣ ಪೌರತ್ವ ಸಿಗಬೇಕು ಎಂದು ಆ ದಾಖಲೆ ಕೇಳುತ್ತದೆ. ತಮ್ಮ ನಂಬಿಕೆ ಬಿಡಿ ಎಂದು ಯಾರನ್ನೂ ಕೇಳುವುದಿಲ್ಲ.