ಹೊಸ ಅಕೌಂಟ್ ಮಾಡಿ, ಹಳೆಯದನ್ನು ಮುಟ್ಟಬೇಡಿ

ಮನೆಯ ಕಂಪ್ಯೂಟರ್‌ನಲ್ಲಿ ಇನ್ನೊಬ್ಬರಿಗೆ ಅಂತ ಹೊಸ ಅಕೌಂಟ್ ಮಾಡಿದರೆ ಹಳೆಯ ಫೈಲ್ ಒಂದೂ ಹೋಗುವುದಿಲ್ಲ. ಒಂದೂ! ಇದನ್ನು ಇವತ್ತು ಜೋರಾಗಿ ಹೇಳಲೇಬೇಕು. ಬೆಟಗೇರಿಯ ನಮ್ಮ ಅಕ್ಕಾರ ಮನೆಯಿಂದ ಈಗಷ್ಟೇ ಬಂದೆ. ಹೊಟ್ಟೆ ಉರಿಯುತ್ತಿದೆ.

ಅಕ್ಕಾರು ಯಾರು ಅಂತ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಗದಗಿನ ಪ್ರೆಸ್‌ಗಳಿಗೆ ಮನೆಯಲ್ಲೇ ಕೂತು ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ, ಮಾಡಿಕೊಡುವವರು. ನಿಮ್ಮಲ್ಲೇ ಎಷ್ಟೋ ಜನರ ಲಗ್ನಪತ್ರಿಕೆ ಅವರ ಕೈಯಲ್ಲಿ ಆಗಿದೆ. ಮೇಲೆ ‘ಶ್ರೀ ವೀರನಾರಾಯಣ ಪ್ರಸನ್ನ’, ಕೆಳಗೆ ಬೀಗರು, ಕಾಕಾ, ಸೋದರಮಾವ ಅಂತ ಉದ್ದ ಪಟ್ಟಿ. ಒಂದು ಹೆಸರು ಬಿಟ್ಟರೂ ಮನೆಯಲ್ಲಿ ಜಗಳ. ಅದನ್ನೆಲ್ಲ ಒಂದು ಒತ್ತಕ್ಷರ ತಪ್ಪದಂತೆ ಮಾಡುತ್ತಾರೆ. ಆ ಕೆಲಸದಲ್ಲಿ ಬಹಳಷ್ಟು ಡೆಸ್ಕ್‌ಟಾಪ್‌ನಲ್ಲಿ, ಡಾಕ್ಯುಮೆಂಟ್ಸ್‌ನಲ್ಲಿ ಇತ್ತು. ಈಗ ಇಲ್ಲ.

ಆಗಿದ್ದು ಇಷ್ಟು. ಮಗ ಪಿಯುಸಿ. ಓದಿಗೆ ಅಂತ ಅವನಿಗೆ ಬೇರೆ ಅಕೌಂಟ್ ಮಾಡಿಸಿದರು. ಒಳ್ಳೆಯ ಯೋಚನೆಯೇ. ಅವನು ತನ್ನ ಅಕೌಂಟ್‌ನಿಂದ ಡಿ ಡ್ರೈವ್‌ನಲ್ಲಿದ್ದ ತಾಯಿಯ ಒಂದು ಪತ್ರಿಕೆ ತೆರೆದು ನೋಡಿದ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು ಎಲ್ಲ ಕಲಸಿ ಬಂತು. ವೈರಸ್ ಬಂದಿದೆ ಅಂತ ಮನೆಮಂದಿ ಹೆದರಿದರು. ಅಂಗಡಿಯಿಂದ ಹುಡುಗನೊಬ್ಬ ಬಂದ. ‘ಎರಡು ಅಕೌಂಟ್ ಇದ್ರ ಹಿಂಗ ಆಕ್ಕೈತ್ರೀ, ಹಳೇದು ತಗದ್ ಬಿಡೂಣು’ ಅಂದ. ತೆಗೆದೇ ಬಿಟ್ಟ.

ವೈರಸ್ ಏನೂ ಇರಲಿಲ್ಲ. ಅಕ್ಷರಕ್ಕೆ ರೂಪ ಕೊಡುವ ಫಾಂಟ್ ಇರಲಿಲ್ಲ, ಅಷ್ಟೇ. ಅಕ್ಕಾರು ಪತ್ರಿಕೆ ಮಾಡುವ ಪೇಜ್‌ಮೇಕರ್ ಅನ್ನುವ ಸಾಫ್ಟ್‌ವೇರ್‌ಗೆ ಯೂನಿಕೋಡ್ ಕನ್ನಡ, ಅಂದರೆ ಈಗ ಫೋನ್‌ನಲ್ಲಿ, ನೆಟ್‌ನಲ್ಲಿ ನಾವೆಲ್ಲ ಬಳಸುವ ಕನ್ನಡ, ಬರುವುದಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದಿದ್ದೇ 2001ರಲ್ಲಿ. ಹಾಗಾಗಿ ಅದರಲ್ಲಿ ಕೆಲಸ ಮಾಡುವವರು ಇವತ್ತಿಗೂ ನುಡಿಯಂಥ ಹಳೆಯ ಫಾಂಟ್‌ಗಳನ್ನೇ ನಂಬಿದ್ದಾರೆ. ಆ ಫೈಲ್‌ಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಆ ಫಾಂಟ್ ಕೂತಾಗ ಮಾತ್ರ ಕನ್ನಡ ಕಾಣುತ್ತದೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಈಚೆಗೆ, ಫಾಂಟ್ ಮೇಲೆ ಸುಮ್ನೆ ‘ಇನ್‌ಸ್ಟಾಲ್’ ಒತ್ತಿದರೆ ಅದು ಆ ಒಬ್ಬರ ಅಕೌಂಟ್‌ಗೆ ಮಾತ್ರ ಸೇರುತ್ತದೆ. ಪ್ರೆಸ್‌ನವರು ಪೆನ್ ಡ್ರೈವ್‌ನಲ್ಲಿ ಕೊಟ್ಟ ಫಾಂಟ್‌ಗಳನ್ನು ಅಕ್ಕಾರು ಹಾಗೇ ಹಾಕಿಕೊಂಡಿದ್ದರು. ಮಗನ ಅಕೌಂಟ್‌ಗೆ ಅವು ಗೊತ್ತೇ ಇಲ್ಲ. ಫಾಂಟ್ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಅಂದಿದ್ದರೆ ಮುಗಿಯುತ್ತಿತ್ತು. ಒಂದು ನಿಮಿಷದ ಕೆಲಸಕ್ಕೆ ವರ್ಷಗಟ್ಟಲೆ ದುಡಿದಿದ್ದು ಹೋಯಿತು.

ಕಂಪ್ಯೂಟರ್ ಹೇಳದೆ ಅಳಿಸಿತಾ? ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ತೆಗೆಯಲು ಹೋದರೆ ‘ಡಿಲೀಟ್ ಅಕೌಂಟ್ ಆಂಡ್ ಡೇಟಾ’ ಅಂತ ಸ್ಪಷ್ಟವಾಗಿ ಕೇಳುತ್ತದೆ. ಡೇಟಾ ಅಂದರೆ ಆ ಮನುಷ್ಯರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋ ಎಲ್ಲವೂ. ಹಳೆಯ ಕಂಟ್ರೋಲ್ ಪ್ಯಾನೆಲ್ ದಾರಿಯಲ್ಲಿ ಹೋಗಿದ್ದರೆ ‘ಕೀಪ್ ಫೈಲ್ಸ್’ ಅಂತ ಒಂದು ಬಟನ್ ಆದರೂ ಇದೆ. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋಗಳಂಥವನ್ನು ಒಂದು ಫೋಲ್ಡರ್‌ಗೆ ಹಾಕಿ ಉಳಿಸುತ್ತದೆ. ಮೇಲ್ ಮತ್ತು ಸೆಟ್ಟಿಂಗ್ಸ್ ಉಳಿಯುವುದಿಲ್ಲ. ಇರಲಿ, ಇವರ ಲಗ್ನಪತ್ರಿಕೆಗಳಾದರೂ ಉಳಿಯುತ್ತಿದ್ದವು. ಆ ಹುಡುಗ ಓದಲಿಲ್ಲ. ‘ಇದರಾಗ ಏನೇನ್ ಐತ್ರೀ?’ ಅಂತ ಅಕ್ಕಾರನ್ನು ಒಂದು ಮಾತು ಕೇಳಲೂ ಇಲ್ಲ. ನನಗೆ ಸಿಟ್ಟು ಬಂದಿರುವುದು ಇದಕ್ಕೇ. ಬೇರೆಯವರ ದುಡಿಮೆಯ ಮೇಲೆ ಕೈ ಇಡುವಾಗ ಅವರನ್ನು ಕೇಳಬೇಕು. ಆಕೆ ಪಕ್ಕದಲ್ಲೇ ಚಹಾ ಹಿಡಿದು ನಿಂತಿದ್ದರು!

ಮರಳಿ ತರಲು ನನಗೆ ತಿಳಿದಿದ್ದನ್ನೆಲ್ಲ ಮಾಡಿ ನೋಡಿದೆ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಅನ್ನುವ ಹೊಸ ನಮೂನೆಯ ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ ಅಳಿಸಿದ ಜಾಗವನ್ನು ಟ್ರಿಮ್ ಅನ್ನುವ ವ್ಯವಸ್ಥೆ ಬೇಗನೇ ಖಾಲಿ ಮಾಡಿಬಿಡುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದಷ್ಟು ಆಸೆ ಇಲ್ಲಿಲ್ಲ. ಅಕೌಂಟ್‌ನ ಹೊರಗೆ, ಡಿ ಡ್ರೈವ್‌ನಲ್ಲಿ ಇದ್ದವು ಮಾತ್ರ ಉಳಿದಿವೆ. ‘ಪ್ರೆಸ್‌ನವ್ರಿಗೆ ನಾ ಏನ್ ಹೇಳ್ಲಿ ತಮ್ಮಾ?’ ಅಂತ ಅಕ್ಕಾರು ಕೇಳಿದರು. ನನಗೆ ಅಳು ಬಂತು, ನಿಜವಾಗಿಯೂ.

ಈ ವ್ಯವಸ್ಥೆ ಹೊಸದೇನಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಮನೆಮಂದಿಗೆಲ್ಲ ಬೇರೆ ಬೇರೆ ಅಕೌಂಟ್ ಮಾಡಬಹುದಿತ್ತು. ಸಿ ಡ್ರೈವ್‌ನ ‘ಯೂಸರ್ಸ್’ ಫೋಲ್ಡರ್ ತೆರೆದು ನೋಡಿ. ಕೂಡುಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಟ್ರಂಕ್ ಇದ್ದ ಹಾಗೆ, ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್ ಇರುತ್ತದೆ. ಹೊಸ ಅಕೌಂಟ್ ಮಾಡಿ ಅದರಲ್ಲಿ ಮೊದಲ ಸಲ ಲಾಗಿನ್ ಆದಾಗ ಅಲ್ಲಿ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ. ಹಳೆಯದು ಇದ್ದಲ್ಲೇ ಇರುತ್ತದೆ. ಹೊಸ ಅಕೌಂಟ್‌ನ ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿ ಬೇಡ. ಸೈನ್ ಔಟ್ ಮಾಡಿ ಹಳೆಯದಕ್ಕೆ ಹೋದರೆ ಎಲ್ಲ ಸಿಗುತ್ತದೆ. ಇಬ್ಬರಿಗೂ ಬೇಕಾದದ್ದನ್ನು ಅದೇ ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರ್‌ನಲ್ಲಿ ಇಡಿ. ಮಕ್ಕಳಿಗೆ ‘ಸ್ಟ್ಯಾಂಡರ್ಡ್’ ಅಕೌಂಟ್ ಸಾಕು. ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟರೆ ಅವರು ಎಲ್ಲರ ಫೋಲ್ಡರ್‌ಗೂ ಕೈ ಹಾಕಬಹುದು, ಯಾರ ಅಕೌಂಟ್ ಬೇಕಾದರೂ ಅಳಿಸಬಹುದು.

‘ಒಂದೇ ಮನೆಯವರಿಗೆ ಯಾಕೆ ಬೇರೆ ಬೇರೆ ಅಕೌಂಟ್, ಏನು ಮುಚ್ಚಿಡುವುದಿದೆ?’ ಅಂತ ಕೆಲವರು ಕೇಳುತ್ತೀರಿ. ಪೋಸ್ಟ್ ಹಾಕುವ ಮೊದಲೇ ನನ್ನ ತಮ್ಮ ಫೋನ್ ಮಾಡಿ ಇದನ್ನೇ ಕೇಳಿದ. ಮುಚ್ಚಿಡುವ ಮಾತೇ ಅಲ್ಲ ಇದು. ಮನೆಯಿಂದ ದುಡಿಯುವ ಹೆಂಗಸಿನ ಫೈಲ್‌ಗಳ ಮೇಲೆ ಮಗನ ಗೇಮ್, ಗಂಡನ ವಾಟ್ಸಾಪ್ ಫೋಟೋ ಬಂದು ಬೀಳಬಾರದು. ಆಕೆಯ ಕೆಲಸಕ್ಕೂ ಒಂದು ಜಾಗ ಬೇಕು, ಅಲ್ವಾ? ಅಕ್ಕಾರು ಮಗನಿಗೆ ಬೇರೆ ಅಕೌಂಟ್ ಮಾಡಿಸಿದ್ದು ಸರಿಯಾಗಿಯೇ ಇತ್ತು. ಅದರಿಂದ ಏನೂ ಹಾಳಾಗಲಿಲ್ಲ. ಹಾಳಾಗಿದ್ದು ಅಳಿಸಿದ್ದರಿಂದ.

ಯಾವ ಅಕೌಂಟ್ ಆದರೂ ಸರಿ, ಅಳಿಸುವ ಮುಂಚೆ ಆ ಪೂರ್ತಿ ಫೋಲ್ಡರ್ ಅನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಕಾಪಿ ಆದ ಮೇಲೆ ಒಂದೆರಡು ಫೈಲ್ ತೆರೆದು ನೋಡಿ. ಫಾಂಟ್‌ಗಳನ್ನೂ ಒಂದು ಕಡೆ ಎತ್ತಿಡಿ. ಕ್ರೋಮ್, ಎಡ್ಜ್‌ನಂಥ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಫೋಲ್ಡರ್ ಕಾಪಿ ಮಾಡಿದರೂ ಬರುವುದಿಲ್ಲ, ಅವು ಆ ಅಕೌಂಟ್‌ನ ಬೀಗದೊಳಗೇ ಇರುತ್ತವೆ. ಅವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಅಕ್ಕಾರು ಪತ್ರಿಕೆ ಮಾಡಿಕೊಟ್ಟ ಗದಗ-ಬೆಟಗೇರಿಯ ಮಂದಿ, ಪ್ರೆಸ್‌ನವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಮೇಲ್‌ನಲ್ಲಿ, ಪೆನ್ ಡ್ರೈವ್‌ನಲ್ಲಿ ಅವರು ಕಳಿಸಿದ ಪೇಜ್‌ಮೇಕರ್ ಫೈಲ್ ಇದ್ದರೆ ನನಗೆ ಕಳಿಸಿ. ಪಿಡಿಎಫ್ ಇದ್ದರೂ ಆಗುತ್ತದೆ, ನೋಡಿಕೊಂಡು ಮತ್ತೆ ಟೈಪ್ ಮಾಡಬಹುದು. ಭಾನುವಾರ ಪೂರ್ತಿ ಅಕ್ಕಾರ ಮನೆಯಲ್ಲೇ ಇರುತ್ತೇನೆ.