ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಇಬ್ಬರಿಗೂ ಸಿಲ್ಕ್ ಬೋರ್ಡ್

ನಮ್ಮ ಭಾವಮೈದ ಪಕ್ಷಾಂತರ ಮಾಡಿದ್ದು 2025ರ ದಸರೆಯಲ್ಲಿ. ರೆಸಾರ್ಟಿಗೇನೂ ಹೋಗಲಿಲ್ಲ. ಸೀದಾ ಕಾರಿನ ಶೋರೂಮಿಗೆ ಹೋದ. ಬೆಳಗ್ಗೆ ಸ್ಕೂಟರಿನಲ್ಲಿ ಮನೆ ಬಿಟ್ಟವನು ಸಂಜೆ ಬಿಳಿ ಕಾರಿನಲ್ಲಿ ಬಂದು ಗೇಟಿನ ಮುಂದೆ ಹಾರನ್ ಹೊಡೆದ. ಸ್ಕೂಟರ್ ಮಾರಿದ ದುಡ್ಡು ಮುಂಗಡಕ್ಕೆ ಹೋಗಿತ್ತು. ಉಳಿದದ್ದು ಏಳು ವರ್ಷದ ಸಾಲ. ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಬಾನೆಟ್ ಮೇಲೆ ಚೆಂಡುಹೂವಿನ ಹಾರ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಸ್ಕೂಟರಿಗೆ ಎರಡೇ ಸಾಕಾಗುತ್ತಿತ್ತು. ಖರ್ಚು ಅಲ್ಲಿಂದಲೇ ಶುರು.

ಬೂದುಗುಂಬಳ ಒಡೆದದ್ದು ನಡುರಸ್ತೆಯಲ್ಲಿ. ಐದು ನಿಮಿಷ ಆಗಿರಲಿಲ್ಲ, ಹಾಲಿನ ಕ್ರೇಟ್ ಕಟ್ಟಿಕೊಂಡು ಬಂದ ಮೊಪೆಡ್ಡಿನವನೊಬ್ಬ ಅದರ ಮೇಲೆ ಜಾರಿ, ಎರಡೂ ಕಾಲು ಊರಿ, ಹೇಗೋ ನಿಂತ. ಹಿಂದಿನ ದಸರೆಯಲ್ಲಿ ಇದೇ ರಸ್ತೆಯಲ್ಲಿ ಇದೇ ಭಾವಮೈದ ಹೀಗೇ ಜಾರಿದ್ದ. ಮೊಣಕೈ ತರಚಿಕೊಂಡು ಬಂದು, ಕುಂಬಳಕಾಯಿ ಒಡೆದ ಕಾರಿನವನ ಏಳು ತಲೆಮಾರಿಗೂ ಸಾಕಾಗುವಷ್ಟು ಬೈದಿದ್ದ. ಈ ಸಲ ಅವನು ಮೊಪೆಡ್ಡಿನವನನ್ನು ನೋಡಿ ತಲೆ ಅಲ್ಲಾಡಿಸಿದ.

"ನೋಡಿ ಭಾವ, ಹೆಂಗ್ ಓಡಿಸ್ತಾರೆ ಈ ಟೂ ವೀಲರ್‌ನವ್ರು. ರಸ್ತೆ ನೋಡ್ಕೊಂಡು ಬರ್ಬೇಕು ಅನ್ನೋ ಜ್ಞಾನನೇ ಇಲ್ಲ."

ಕಾರಿನ ಕೀ ಕೈಗೆ ಬಂದು ನಾಲ್ಕು ಗಂಟೆಯೂ ಆಗಿರಲಿಲ್ಲ.

ಬೆಂಗಳೂರಿನ ರಸ್ತೆ ಮೇಲೆ ಇರುವುದು ಎರಡೇ ದೊಡ್ಡ ಪಕ್ಷ. ಊರಿನ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಬೈಕು, ಸ್ಕೂಟರುಗಳೇ. ಆದರೆ ರಸ್ತೆಯ ಜಾಗ ನೋಡಿದರೆ ಕಾರಿನದೇ ದರ್ಬಾರು. ಜಾಸ್ತಿ ಸೀಟು ಗೆದ್ದ ಪಕ್ಷ ಹೊರಗೆ ಕೂರುವುದು ಕರ್ನಾಟಕಕ್ಕೇನು ಹೊಸದಲ್ಲ, ಬಿಡಿ. ಇನ್ನು ಆಟೋ ಅಂತ ಒಂದು ಸಣ್ಣ ಪಕ್ಷ ಇದೆ. ಸಂಖ್ಯೆ ಕಮ್ಮಿ. ಆದರೆ ದೊಡ್ಡವರಿಬ್ಬರೂ ಜಗಳಕ್ಕೆ ನಿಂತಾಗ ಮಧ್ಯದ ಸಂದಿಯಲ್ಲಿ ಮೂತಿ ತೂರಿಸಿ ಮುಂದೆ ಹೋಗುವುದು ಅದೇ.

ಕಾರಿನವರ ಪ್ರಣಾಳಿಕೆ ಸರಳ. ಬೈಕಿನವರು ಎಡದಿಂದಲೂ ಬರುತ್ತಾರೆ, ಬಲದಿಂದಲೂ ಬರುತ್ತಾರೆ, ಫುಟ್‌ಪಾತ್ ಮೇಲಿಂದಲೂ ಬರುತ್ತಾರೆ. ಮೇಲಿಂದ ಬೀಳುವುದೊಂದು ಬಾಕಿ. ಬೈಕಿನವರ ಪ್ರಣಾಳಿಕೆ ಇನ್ನೂ ಸರಳ. ಐದು ಜನ ಕೂರುವ ಡಬ್ಬದಲ್ಲಿ ಒಬ್ಬನೇ ಕೂತು, ಎಸಿ ಹಾಕಿಕೊಂಡು, ಮೊಬೈಲ್ ನೋಡುತ್ತಾ, ಇಂಡಿಕೇಟರ್ ಹಾಕದೆ ತಿರುಗಿಸುತ್ತಾನಲ್ಲ, ಅವನಿಂದಲೇ ಜಾಮ್. ಎರಡೂ ನಿಜ. ತೊಂದರೆ ಇರುವುದೇ ಅಲ್ಲಿ.

ಕಾರು ಬಂದ ಎರಡನೇ ವಾರ ಭಾವಮೈದ ನನ್ನನ್ನೂ ಕೂರಿಸಿಕೊಂಡು ಹೊರಟ. ಮಡಿವಾಳ ದಾಟಿ ಸಿಲ್ಕ್ ಬೋರ್ಡ್ ಕಡೆ ಹೋಗುವ ಹೊತ್ತಿಗೆ ಎಲ್ಲ ನಿಂತಿತ್ತು. ನಮ್ಮ ಕಾರಿಗೂ ಡಿವೈಡರಿಗೂ ನಡುವೆ ಒಂದು ಸಂದಿ. ಅದರಲ್ಲಿ ಮಡಚಿದ ಛತ್ರಿ ಹಿಡಿಸಬಹುದಿತ್ತೇನೋ. ಆದರೆ ಬೈಕುಗಳು ಒಂದರ ಹಿಂದೆ ಒಂದು ಸಕ್ಕರೆ ಕಂಡ ಇರುವೆಗಳ ಹಾಗೆ ಬರುತ್ತಿದ್ದವು. ಒಬ್ಬನ ಬೆನ್ನಿಗೆ ಊಟ ತಲುಪಿಸುವ ದೊಡ್ಡ ಚೀಲ. ಇನ್ನೊಬ್ಬನ ಕಾಲ ಬಳಿ ಗ್ಯಾಸ್ ಸಿಲಿಂಡರ್. ಮೂರನೆಯವನ ಹ್ಯಾಂಡಲ್ ನಮ್ಮ ಕನ್ನಡಿಗೆ ತಾಗಿತು. ಟಕ್. ಬೈಸಿಕೊಂಡ ನಾಯಿಯ ಕಿವಿಯ ಹಾಗೆ ಕನ್ನಡಿ ಹಿಂದಕ್ಕೆ ಮಡಚಿಕೊಂಡಿತು.

ಭಾವಮೈದನ ರಕ್ತ ಕುದಿಯಿತು. ಗಾಜು ಇಳಿಸುವ ಬಟನ್ ಒತ್ತಿದ. ಆದರೆ ಅದು ಮೋಟಾರಿನ ಗಾಜು. ಅದು ಇಳಿಯುವ ವೇಗಕ್ಕೂ ಕೋಪ ಏರುವ ವೇಗಕ್ಕೂ ಹೊಂದಾಣಿಕೆ ಇಲ್ಲ. ಝುಯ್ಯ್ ಅಂತ ನಿಧಾನಕ್ಕೆ ಇಳಿಯಿತು. ಅವನು ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಅತ್ತ ಬೈಕಿನವನದು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಅದರ ಗಾಜು ಸಿಕ್ಕಿಹಾಕಿಕೊಂಡಿತ್ತು. ಅವನೂ ಎರಡು ಸಲ ಎಳೆದ, ಬರಲಿಲ್ಲ. ಹೀಗೆ ಇಬ್ಬರು ಗಂಡಸರು ಬೈಯಲು ಸಿದ್ಧರಾಗಿ, ತಮ್ಮ ತಮ್ಮ ಕಿಟಕಿ ತೆರೆಯುವುದನ್ನೇ ತಾಳ್ಮೆಯಿಂದ ಕಾದರು. ಜೀವನದಲ್ಲಿ ಅಷ್ಟು ಶಿಸ್ತಿನ ಜಗಳ ನಾನು ನೋಡಿಲ್ಲ.

"ಕಣ್ ಕಾಣ್ಸಲ್ವೇನ್ರೀ?"

"ಕಾಣ್ಸುತ್ತೆ ಸಾರ್. ಕಾರ್ ಕಾಣ್ಸ್ತು. ಜಾಗ ಕಾಣ್ಸ್ಲಿಲ್ಲ."

"ಹೊಸಾ ಗಾಡಿ ರೀ ಇದು!"

"ನಮ್ದು ಹಳೇದು ಸಾರ್. ಮಿರರ್ ಎರಡೂ ಯಾವತ್ತೋ ಹೋದ್ವು. ಈಗ ಯಾರ ಜೊತೆನೂ ಜಗಳ ಇಲ್ಲ."

ಅಷ್ಟರಲ್ಲಿ ಸಿಗ್ನಲ್ ಹಸಿರಾಯಿತು. ಹಿಂದಿನಿಂದ ಯಾರೋ ಹಾರನ್ ಮೇಲೆ ಕೈ ಇಟ್ಟು ಮರೆತುಬಿಟ್ಟರು. ಭಾವಮೈದ ಮತ್ತು ಬೈಕಿನವನು ಒಟ್ಟಿಗೇ ಹಿಂದೆ ತಿರುಗಿ, ಒಂದೇ ಸ್ವರದಲ್ಲಿ, "ಏಯ್, ಇರಯ್ಯಾ!" ಎಂದರು. ಅಖಂಡ ಕರ್ನಾಟಕ ಅಂದರೆ ಅದು. ಹಿಂದೆ ಇದ್ದದ್ದು ಸಿಟಿ ಬಸ್. ಡ್ರೈವರ್ ಒಂದು ಮಾತೂ ಆಡಲಿಲ್ಲ. ಬ್ರೇಕಿನ ಗಾಳಿ ಒಂದು ಸಲ ಉಸ್ ಅಂದಿತು, ಬಸ್ಸು ಅರ್ಧ ಅಡಿ ಮುಂದೆ ಬಂತು, ಅಷ್ಟೇ. ಎರಡೂ ಪಕ್ಷದವರು ಸದನ ಖಾಲಿ ಮಾಡಿದರು. ಈ ಗಲಾಟೆಯಲ್ಲಿ ಒಂದು ಆಟೋ ನಮ್ಮ ಮುಂದೆ ಸೇರಿಕೊಂಡಿತ್ತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಇಷ್ಟು ಬರೆದು ನನ್ನದೊಂದು ಗುಟ್ಟು ಮುಚ್ಚಿಟ್ಟರೆ ಚೆನ್ನಾಗಿರಲ್ಲ. ನನ್ನ ಹತ್ತಿರ ಇರುವುದು ಸ್ಕೂಟರ್ ಮಾತ್ರ. ಆದರೂ ಅವತ್ತು ಆ ಎಸಿಯಲ್ಲಿ ಹತ್ತು ನಿಮಿಷ ಕೂತ ಮೇಲೆ, "ಎಡಗಡೆ ನೋಡ್ಕೊಳ್ಳೋ, ಇವ್ರಿಗೆ ತಲೆ ಕೆಟ್ಟಿರುತ್ತೆ" ಅಂತ ನನ್ನ ಬಾಯಿಂದಲೇ ಬಂತು. ಬೆಲ್ಟ್ ಹಾಕಿಕೊಂಡರೆ ಸಾಕು ಅಂತ ಕಾಣುತ್ತೆ, ಅದೇ ಬೈಯಿಸುತ್ತದೆ.

ಜಾಮ್ ಆದಾಗ ಬೈಕಿನವನದೇ ಕಾಲ. ಟಾಮ್‌ಟಾಮ್ ಎಂಬ ಕಂಪನಿ ಊರೂರಿನ ಟ್ರಾಫಿಕ್ ಅಳೆಯುತ್ತದೆ. 2022ರ ಅದರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು 29 ನಿಮಿಷ ಬೇಕು. ಜಗತ್ತಿಗೇ ಎರಡನೇ ಸ್ಥಾನ, ಲಂಡನ್ ಮೊದಲು. ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಎರಡು ನೂರು ಕಿಲೋಮೀಟರ್ ವೇಗ ಬರೆದಿರುವ ಮೀಟರಿನ ಮುಂದೆ ಕೂತು, ಪೇಪರ್ ಹಾಕುವ ಹುಡುಗನ ಸೈಕಲ್ ಜೊತೆ ಪೈಪೋಟಿ. ಇದರ ಮಧ್ಯೆ 2023ರಿಂದ ಕೇಂದ್ರದ ಒಂದು ನಿಯಮ ಬೇರೆ ಇದೆ. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡರೆ ವೇಗ 40 ದಾಟಬಾರದು. ಬೆಂಗಳೂರಿನ ಮಟ್ಟಿಗೆ ಇದನ್ನು ನಿಯಮ ಅನ್ನುವುದಕ್ಕಿಂತ ಆಶೀರ್ವಾದ ಅನ್ನಬಹುದು.

ಮಳೆ ಬಂದರೆ ಕಾಲ ತಿರುಗುತ್ತದೆ. ಮೊದಲ ಹನಿ ಬಿದ್ದ ಕೂಡಲೇ ಊರಿನ ಬೈಕುಗಳೆಲ್ಲ ಫ್ಲೈಓವರ್ ಕೆಳಗೆ ಸೇರುತ್ತವೆ. ಮೊದಲು ಒಂದು ಸಾಲು, ಆಮೇಲೆ ಎರಡು, ಆಮೇಲೆ ಮೂರು. ಕೊನೆಗೆ ಕಾರುಗಳಿಗೆ ಒಂದು ಕೊರಳಿನಷ್ಟು ದಾರಿ ಉಳಿಯುತ್ತದೆ. ಅದರಲ್ಲಿ ಹೋಗುವ ಕಾರಿನವನು, ಹೋಗುವಾಗ, ಗುಂಡಿಯ ನೀರನ್ನು ನಿಂತವರ ಪ್ಯಾಂಟಿಗೆ ಒಂದು ಸಲ ಸಮರ್ಪಿಸಿಯೇ ಹೋಗುತ್ತಾನೆ. ಬೇಕಂತಲೇ ಮಾಡಿದನಾ, ಗೊತ್ತಾಗದೆ ಆಯಿತಾ ಎಂಬ ಬಗ್ಗೆ ಅಲ್ಲೇ ಒಂದು ಸಣ್ಣ ಜನಸಭೆ ನಡೆಯುತ್ತದೆ. ತಲೆಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡವನು ಕಾರಿನೊಳಗೆ ಒಣಗಿ ಕೂತವನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾನೆ. ಅವನಿಗೆ ಗೊತ್ತಿಲ್ಲ, ಆ ಒಣಗಿದವನಿಗೆ ಒಂದೂಕಾಲು ಗಂಟೆಯಿಂದ ಮೂತ್ರಕ್ಕೆ ಅವಸರ. ಗಾಡಿ ಬಿಟ್ಟು ಇಳಿಯುವಂತಿಲ್ಲ. ಪಿಲ್ಲರ್ ಹಿಂದೆ ಹೋಗಿ ಬಂದು ಪ್ಯಾಂಟ್ ಸರಿ ಮಾಡಿಕೊಳ್ಳುತ್ತಿರುವ ಬೈಕಿನವನನ್ನು ಅವನು ಗಾಜಿನೊಳಗಿಂದ ನೋಡುವ ನೋಟ ಇದೆಯಲ್ಲ, ಅಷ್ಟು ಅಸೂಯೆ ಎಲ್ಲೂ ಸಿಗಲ್ಲ.

ಇವರಿಬ್ಬರೂ ಒಂದೇ ಸಾಲಿನಲ್ಲಿ ನಗುತ್ತಾ ನಿಂತದ್ದು ಒಮ್ಮೆ ನೋಡಿದ್ದೇನೆ. 2023ರ ಫೆಬ್ರುವರಿಯಲ್ಲಿ ಹಳೇ ಟ್ರಾಫಿಕ್ ದಂಡಕ್ಕೆ ಅರ್ಧಕ್ಕರ್ಧ ರಿಯಾಯ್ತಿ ಕೊಟ್ಟರಲ್ಲ, ಆಗ. ಸೀರೆ ಅಂಗಡಿಯ ಆಷಾಢದ ಸೇಲ್ ನೋಡಿದಂತಿತ್ತು. "ನಂದು ಹನ್ನೊಂದು ಸಿಗ್ನಲ್ ಜಂಪು, ನಿಮ್ದು?" ಅಂತ ಒಬ್ಬರನ್ನೊಬ್ಬರು ಪ್ರೀತಿಯಿಂದ ವಿಚಾರಿಸುತ್ತಿದ್ದರು.

ಜಗಳ ಹಚ್ಚಲು ಊರಿನ ಗುಂಡಿಗಳೇ ಸಾಕಿತ್ತು. ಆದರೆ ಸರ್ಕಾರಗಳು ಸುಮ್ನೆ ಕೂರುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದರು. ವಾರ ಕಳೆಯುವುದರೊಳಗೆ ರಾಮನಗರದ ಹತ್ತಿರ ಅಂಡರ್‌ಪಾಸಿನಲ್ಲಿ ಮಳೆ ನೀರು ನಿಂತು ಕಾರುಗಳು ಮುಳುಗಾಟ ಆಡಿದವು. ಆಗಸ್ಟ್ 1ರಿಂದ ಮುಖ್ಯ ದಾರಿಗೆ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ ಬಂದ್. ಅಪಘಾತ ಜಾಸ್ತಿ, ವೇಗದ ವ್ಯತ್ಯಾಸ ಜಾಸ್ತಿ ಅನ್ನುವುದು ಕಾರಣ. ಕಾರಣ ಸರಿಯಾಗಿಯೇ ಇದೆ. ಬೈಕಿನವರು ಎಮ್ಮೆ, ಕಬ್ಬಿನ ಗಾಡಿ ಮತ್ತು ಹಳ್ಳಿ ಬಸ್ಸಿನ ಜೊತೆ ಸರ್ವಿಸ್ ರಸ್ತೆಗೆ ಇಳಿದರು. ಕಾರಿನವರು ಬೇಲಿಯಾಚೆಯಿಂದ ನೋಡಿ ನಕ್ಕರು.

ನಗು ಮದ್ದೂರಿನವರೆಗೂ ಉಳಿಯಲಿಲ್ಲ. ಯಾಕೆಂದರೆ ಹೊಸ ದಾರಿಯಲ್ಲಿ ಮದ್ದೂರೇ ಸಿಗುವುದಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ ಅದು. ಟೋಲ್ ಕಟ್ಟಿ, 100ರ ಮಿತಿ ದಾಟಿದರೆ ಕ್ಯಾಮೆರಾ ಹಿಡಿಯುತ್ತೆ ಅಂತ ಹೆದರಿ, ಹೊಟ್ಟೆ ಹಸಿದುಕೊಂಡು ಕಾರಿನವರು ಮೈಸೂರು ಸೇರುತ್ತಾರೆ. ಅಷ್ಟೊತ್ತಿಗೆ ಬೈಕಿನವನು ಬಿಡದಿಯಲ್ಲಿ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತಾ, "ಇನ್ನೊಂದ್ ಸ್ವಲ್ಪ ಚಟ್ನಿ ಹಾಕಣ್ಣ" ಅನ್ನುತ್ತಿರುತ್ತಾನೆ. ದಾರಿ ತಪ್ಪಿಸಿಕೊಂಡವರು ಯಾರು ಅಂತ ನೀವೇ ಹೇಳಿ.

ಮುಂದೆ ಸುರಂಗ ಬರುತ್ತದಂತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ, ನೆಲದ ಕೆಳಗೆ, ಸುಮಾರು 17 ಕಿಲೋಮೀಟರ್. ಅಲ್ಲಿಯೂ ಬೈಕಿಗೆ ಜಾಗವಿಲ್ಲ ಎಂಬ ಸುದ್ದಿ. ಹೆಬ್ಬಾಳದ ಜಾಮಿನಿಂದ ಸಿಲ್ಕ್ ಬೋರ್ಡ್ ಜಾಮಿಗೆ ಬೇಗ ತಲುಪುವ ಸೌಲಭ್ಯ ಕಾರಿನವರಿಗೆ ಮಾತ್ರ. ಸುರಂಗವನ್ನು ವಿರೋಧಿಸಿದವರಿಗೆ ಉತ್ತರ ಕೊಡುತ್ತಾ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು 2025ರ ಅಕ್ಟೋಬರಿನಲ್ಲಿ, ಕಾರಿಲ್ಲದ ಹುಡುಗನಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ ಎಂಬರ್ಥದ ಮಾತಾಡಿದರು. ನಮ್ಮ ಭಾವಮೈದ ಪೇಪರ್ ಹಿಡಿದುಕೊಂಡು ಓಡಿ ಬಂದ. ಕಾರು ತಂದು ಆಗಿನ್ನೂ ತಿಂಗಳಾಗಿರಲಿಲ್ಲ.

"ನಾನ್ ಹೇಳ್ಲಿಲ್ವಾ ಭಾವ? ಇದು ಕಾರ್ ಅಲ್ಲ. ಜಾತಕ."

ನಂಬಿ ಬಿಡಿ, ಜಾತಕ ಕೂಡಿಬಂತು. ಹುಡುಗಿ ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹುಡುಗಿಯ ಅಪ್ಪ ಮನೆಗೆ ಬಂದವರು ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಡಿಕ್ಕಿ ತೆಗೆಸಿ ನೋಡಿದರು. ಆಮೇಲೆ ಹುಡುಗನನ್ನು ನೋಡಿದರು. ಮಾತುಕತೆ ಮುಗಿಯಿತು, ಉಪ್ಪಿಟ್ಟು, ಕೇಸರಿಬಾತ್ ಆಯಿತು. ಹುಡುಗ ಹುಡುಗಿ ಒಂದೆರಡು ಸಲ ಹೊರಗೆ ಭೇಟಿಯಾಗಲಿ ಅಂತ ಹಿರಿಯರೇ ಹೇಳಿದರು. ಮೊದಲ ಭೇಟಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ಹುಡುಗಿ ಹಳದಿ ಮಾರ್ಗದ ಮೆಟ್ರೋ ಹಿಡಿದು, ಆರ್.ವಿ. ರೋಡಿನಲ್ಲಿ ಇಳಿದು, ಸರಿಯಾದ ಹೊತ್ತಿಗೆ ಬಂದಳು. ಇವನು ನಾಲ್ಕು ಕಿಲೋಮೀಟರ್ ದೂರದಿಂದ ಐವತ್ತು ನಿಮಿಷ ತಡವಾಗಿ ಹೋದ. ಅದರಲ್ಲಿ ಇಪ್ಪತ್ತೈದು ನಿಮಿಷ ಪಾರ್ಕಿಂಗ್ ಹುಡುಕುತ್ತಾ ನಾಲ್ಕನೇ ಬ್ಲಾಕಿಗೇ ಪ್ರದಕ್ಷಿಣೆ ಹಾಕಿದ್ದು.

ಮೊನ್ನೆ ಭಾನುವಾರ ಎರಡನೇ ಭೇಟಿ. ಬೆಳಗ್ಗೆ ಹತ್ತು ಗಂಟೆಗೆ ಭಾವಮೈದ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ನಮ್ಮ ಮನೆಗೆ ಬಂದ. ಮೊಬೈಲ್ ತೋರಿಸಿದ. ಹುಡುಗಿಯ ಮೆಸೇಜು: "ಕಾರಲ್ಲಿ ಬರ್ಬೇಡಿ ಪ್ಲೀಸ್. ಸ್ಕೂಟರ್ ಇದ್ರೆ ನೋಡಿ."

ನಾನು ಏನೂ ಮಾತಾಡಲಿಲ್ಲ. ಅವನೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದ. ನನ್ನ ಹೆಂಡತಿ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು.

"ಭಾವ, ನಿಮ್ ಸ್ಕೂಟರ್ ಕೀ ಸ್ವಲ್ಪ ಕೊಡ್ತೀರಾ?"

ಕೀ ಕೊಟ್ಟೆ. ಹೆಲ್ಮೆಟ್ ಎರಡು ಕೊಟ್ಟೆ, ಹಿಂದೆ ಕೂರುವವರಿಗೂ ಕಡ್ಡಾಯ ಆಗಿ ಎಷ್ಟೋ ವರ್ಷವಾಯಿತಲ್ಲ. ಅವನು ಗೇಟು ದಾಟಿ ರಸ್ತೆಗೆ ಇಳಿದ. ನಾನು ಒಳಗೆ ಬಂದು ಕಾಫಿ ಲೋಟ ಕೈಗೆ ತಗೊಂಡಿದ್ದೆ, ತಿರುವಿನಲ್ಲಿ ಕಾರೊಂದು ಗಕ್ಕನೆ ಬ್ರೇಕ್ ಹಾಕಿದ ಸದ್ದು. ಹಿಂದೆಯೇ ನಮ್ಮ ಭಾವಮೈದನ ಗಂಟಲು, ಇಡೀ ಬೀದಿಗೆ ಕೇಳುವಂತೆ:

"ಅಷ್ಟು ದೊಡ್ ಡಬ್ಬಾಲಿ ಒಬ್ನೇ ಕೂತಿದ್ಯಲ್ಲಾ, ಇಂಡಿಕೇಟರ್ ಹಾಕೋಕ್ ಏನಯ್ಯಾ ರೋಗ ನಿಂಗೆ!"