ಪೇಪರ್‌ನಲ್ಲಿ ಬಂದಿದೆ ಸ್ವಾಮಿ!

ಮಂಡ್ಯದಲ್ಲಿ ಒಬ್ಬರ ಮಾನ ಕಳೆಯೋಕೆ ಪೇಪರಿನ ಒಂದು ಕಾಲಂ ಸಾಕು. ಬೆಳಿಗ್ಗೆ ಸುದ್ದಿ ಬಂತು ಅಂದರೆ ಹತ್ತು ಗಂಟೆಗೆ ಸಂಜಯ ವೃತ್ತದಲ್ಲಿ ಟೈರಿಗೆ ಬೆಂಕಿ, ಹನ್ನೊಂದಕ್ಕೆ ಪ್ರತಿಕೃತಿ ದಹನ, ಊಟದ ಹೊತ್ತಿಗೆ ರಾಜೀನಾಮೆಗೆ ಒತ್ತಾಯ. ಆಧಾರ ಏನು ಅಂತ ಯಾರೂ ಕೇಳುವುದಿಲ್ಲ. ಪೇಪರ್‌ನಲ್ಲಿ ಬಂದಿದೆಯಲ್ಲ!

ಅದೇ ಕಟಿಂಗ್ ಹಿಡಿದು ಕೋರ್ಟಿಗೆ ಹೋಗಿ ನೋಡಿ. ಅಲ್ಲಿ ಅದು ಬರೀ ಅವರಿವರ ಬಾಯಿಂದ ಬಂದ ಮಾತು. ಪತ್ರಿಕಾ ವರದಿಯೊಂದೇ ಸಾಲದು, ಬೇರೆ ಸಾಕ್ಷ್ಯ ಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಲಕ್ಷ್ಮೀರಾಜ್ ಶೆಟ್ಟಿ ಪ್ರಕರಣದಲ್ಲಿ ಹೇಳಿದೆ. 1994ರಲ್ಲಿ ನಮ್ಮ ಗುಲ್ಬರ್ಗದ ಚುನಾವಣಾ ತಕರಾರಿನಲ್ಲೂ ಅದೇ ಮಾತು. ಪೇಪರಿನವರ ಮೇಲೇ ಮಾನನಷ್ಟದ ಕೇಸು ಹಾಕಿದರೆ ಬೇರೆ ಲೆಕ್ಕ, ಅಚ್ಚಾಯಿತು ಅನ್ನೋದಕ್ಕೆ ಆ ಪೇಪರೇ ಸಾಕ್ಷಿ. ಆದರೆ ಬೈದ ಲೀಡರ್ ಮೇಲೆ ಹಾಕಿದರೆ, ವರದಿಗಾರ ಕಟಕಟೆ ಹತ್ತಿ 'ನಾನೇ ಕಿವಿಯಾರೆ ಕೇಳಿದೆ' ಅನ್ನಬೇಕು. ಕಾನೂನು ಸರಿಯಾಗೇ ಇದೆ, ಬಿಡಿ. ಅದರ ಸಂದಿಯಲ್ಲಿ ಸಂಸಾರ ಹೂಡಿದವರದೇ ತಮಾಷೆ.

ಮದ್ದೂರಿನ ಕಡೆ ಎಲ್ಲೋ ಒಂದು ಸಭೆ ಅಂದುಕೊಳ್ಳಿ. ಲೀಡರ್ರು ಮೂರೂರಿಗೆ ಕೇಳುವಂತೆ ಹಾರ್ನ್ ಕಟ್ಟಿಸಿ ಎದುರಾಳಿಯನ್ನು ಕಳ್ಳ ಅಂತಾರೆ. ಮಾರನೇ ದಿನ 'ಮಾಧ್ಯಮದವರು ನನ್ನ ಮಾತು ತಿರುಚಿದ್ದಾರೆ.' ಕೇಸು ವಿಚಾರಣೆಗೆ ಬರುವಷ್ಟರಲ್ಲಿ ವರದಿಗಾರ ಕೆಲಸ ಬಿಟ್ಟು ಸೈಟು ಮಾರುತ್ತಿರುತ್ತಾನೆ. ವಿಡಿಯೊ ಇದೆ ಅಂತೀರಾ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೆ ಸರ್ಟಿಫಿಕೇಟ್ ಬೇಕು. ಒಂದು ಭಾಗ ವಿಡಿಯೊ ತಂದವರು ತುಂಬಬೇಕು, ಇನ್ನೊಂದು ತಜ್ಞರು. ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲನ್ನು ಯಾರೂ ತಿದ್ದಿಲ್ಲ ಅಂತ ಪತ್ತೆ ಹಚ್ಚುವ ಗುರುತಿನ ಸಂಖ್ಯೆ, ಬೇರೆ ಬರೀಬೇಕು. ಬೈಗುಳಕ್ಕೂ ಆಧಾರ್ ನಂಬರ್!

ಹಾಗಂತ ಪೇಪರಿಗೆ ಕಿಮ್ಮತ್ತಿಲ್ಲ ಅಂದುಕೊಳ್ಳಬೇಡಿ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಮಂತ್ರಿಗಳು ಬೆಂಗಳೂರಿನ ಕೋರ್ಟಿಗೆ ಹೋಗಿ, ಮಾನಹಾನಿ ಆಗುವಂಥದ್ದನ್ನು ಹಾಕಬೇಡಿ ಎಂದು ಮಾಧ್ಯಮಗಳಿಗೆ ತಡೆಯಾಜ್ಞೆ ತಂದರು. ಅಚ್ಚಾದ ಮೇಲೆ ಕೇಳಿದರೆ ರದ್ದಿ, ಅಚ್ಚಾಗುವ ಮುಂಚೆ ಮಾತ್ರ ಬಾಂಬು.

ಕೊನೆಗೆ ಉಳಿಯುವವರು ಸಭೆಗೆ ಬಂದ ಜನ. ಅವರನ್ನು ಕರೆಸಿದರೆ ವಿಚಾರಣೆ ಹೀಗೆ ನಡೀಬಹುದು:

"ಭಾಷಣ ಕೇಳಿದ್ರಾ?"

"ಇಲ್ಲ ಸ್ವಾಮಿ, ಬಾಡೂಟಕ್ಕೆ ಹೋಗಿದ್ದೊ."

"ಮೈಕ್ ಇತ್ತಲ್ಲ?"

"ಇತ್ತು. ಆವಾಗ ಮುದ್ದೆ ಬಡಿಸ್ತಿದ್ರು."

"ಹೋಗಲಿ, ಪೇಪರ್ ಓದಿದ ಮೇಲೆ ಫಿರ್ಯಾದಿ ಮೇಲಿನ ಗೌರವ ಕಡಿಮೆ ಆಯ್ತಾ?"

"ಇಲ್ಲ ಸ್ವಾಮಿ. ಮುಂಚೆ ಎಷ್ಟಿತ್ತೋ ಈಗಲೂ ಅಷ್ಟೇ."

"ಮುಂಚೆ ಎಷ್ಟಿತ್ತು?"

ಇಷ್ಟು ಹೊತ್ತು ಸುಮ್ನೆ ಕೂತಿದ್ದ ಫಿರ್ಯಾದಿ ಪರ ವಕೀಲರು ಎದ್ದು ನಿಂತು, ಮುಂದಿನ ದಿನಾಂಕ ಕೊಡಿ ಅಂತಾರೆ.